ಕಲ್ಯಾಣದ ಅಡುಗೆಮನೆಯಲ್ಲಿ ಒಡೆದ ಹಾಲು



ಜಗತ್ತಿನ ಚೀಸಿನ ಚರಿತ್ರೆ ಹೇಳುವ ಪುಸ್ತಕಗಳು ಭಾರತದ ಮಾತು ಬಂದಾಗ ಬೇಗ ಮುಗಿಸಿಬಿಡುತ್ತವೆ. ಇಷ್ಟೊಂದು ದನಕರು ಸಾಕಿದ ನಾಡು ಚೀಸನ್ನು ಮಾತ್ರ ಅರಿಯಲಿಲ್ಲ, ಹಾಲು ಒಡೆಸುವುದು ಅಶುಭವೆಂದು ಬಗೆದು ಆ ವಿದ್ಯೆಯ ಹತ್ತಿರ ಸುಳಿಯಲಿಲ್ಲ, ಹದಿನೇಳನೆಯ ಶತಮಾನದಲ್ಲಿ ಪೋರ್ಚುಗೀಸರು ಬಂಗಾಳದಲ್ಲಿ ತೋರಿಸಿಕೊಟ್ಟ ಮೇಲೆ ಕಲಿತುಕೊಂಡಿತು ಎಂಬುದು ಅವುಗಳ ಸಾರ. ಇದನ್ನು ಬರೆದವರು ಕಲ್ಯಾಣದ ಕಡೆ ಸರಿಯಾಗಿ ನೋಡಲಿಲ್ಲವೆಂದು ನನ್ನ ನಂಬಿಕೆ. ನಾವೀಗ ಕುಳಿತಿರುವ ಬಸವಕಲ್ಯಾಣದ ಈ ನೆಲ ಚಾಲುಕ್ಯರ ರಾಜಧಾನಿಯ ನೆಲ. ಅವರ ಆಳ್ವಿಕೆಯಲ್ಲಿ, ನೂರು ವರ್ಷದ ಅಂತರದಲ್ಲಿ ಹುಟ್ಟಿದ ಎರಡು ಗ್ರಂಥಗಳು, ಒಂದು ಕನ್ನಡದ್ದು, ಇನ್ನೊಂದು ಸಂಸ್ಕೃತದ್ದು, ಹಾಲನ್ನು ಬೇಕೆಂದೇ ಒಡೆಸಿ ಗಟ್ಟಿಯನ್ನು ಬೇರ್ಪಡಿಸಿ ತಿನಿಸು ಮಾಡುವ ಕ್ರಮವನ್ನು ಬಿಡಿಸಿ ಹೇಳುತ್ತವೆ. ಅಂದರೆ ವಿದ್ಯೆ ಇಲ್ಲಿ ಇತ್ತು. ಇದ್ದೂ ಈ ನಾಡು ಚೀಸನ್ನು ತಿಂಗಳುಗಟ್ಟಲೆ ಮಾಗಿಸಿಡುವ ದಾರಿಗೆ ಹೋಗಲಿಲ್ಲ. ಅದಕ್ಕೆ ಕಾರಣ ನಮ್ಮ ಬಿಸಿಲು, ಮತ್ತು ನಮ್ಮ ಮಜ್ಜಿಗೆ. ಈ ಮಾತನ್ನೇ ಇಂದು ವಿಸ್ತರಿಸುತ್ತೇನೆ.

ಮೊದಲು ವಸ್ತುವನ್ನು ತಿಳಿದುಕೊಳ್ಳೋಣ. ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಭಾಗ ಕೇಸೀನ್. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ, ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಿರುತ್ತದೆ. ಆ ಕಣಗಳು ಅಂಟಿಕೊಂಡರೆ ಹಾಲು ಗಟ್ಟಿ ಮತ್ತು ತಿಳಿಯಾಗಿ ಬೇರೆಯಾಗುತ್ತದೆ. ಅಂಟಿಸುವ ದಾರಿ ಮುಖ್ಯವಾಗಿ ಎರಡು. ಕಾದ ಹಾಲಿಗೆ ಹುಳಿ ಬೆರೆಸುವುದು ಒಂದು. ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಕಿಣ್ವವನ್ನೋ, ಅಂಥದೇ ಗುಣವಿರುವ ಗಿಡದ ರಸವನ್ನೋ ಬೆಚ್ಚಗಿನ ಹಾಲಿಗೆ ಹಾಕುವುದು ಇನ್ನೊಂದು. ಹುಳಿಯಿಂದ ಒಡೆದದ್ದು ಬೆಂಕಿಗೆ ಕರಗುವುದಿಲ್ಲ, ನೀರನ್ನು ಒಳಗೇ ಹಿಡಿದಿಡುತ್ತದೆ, ಎರಡು ಮೂರು ದಿನಕ್ಕೆ ಕೆಡುತ್ತದೆ. ನಮ್ಮ ಪನೀರು ಈ ಜಾತಿಯದು. ಈಗಿನ ಕಾನೂನೂ ಅದರಲ್ಲಿ ನೂರಕ್ಕೆ 60ರವರೆಗೆ ತೇವಾಂಶವನ್ನು ಒಪ್ಪುತ್ತದೆ. ಕಿಣ್ವದಿಂದ ಹೆಪ್ಪಾದದ್ದು ತಾನಾಗಿ ಕುಗ್ಗುತ್ತ ನೀರನ್ನು ಹೊರದೂಡುತ್ತದೆ. ಅದನ್ನು ಒತ್ತಬಹುದು, ಉಪ್ಪು ಹಾಕಬಹುದು, ವರ್ಷಗಟ್ಟಲೆ ಇಡಬಹುದು. ನೂರಾರು ಬಗೆಯ ಚೀಸುಗಳೆಲ್ಲ ಹುಟ್ಟಿದ್ದು ಹೆಪ್ಪು, ನೀರು, ಉಪ್ಪು, ಸೂಕ್ಷ್ಮಜೀವಿ ಈ ನಾಲ್ಕರ ಹೆಚ್ಚುಕಡಿಮೆಯಿಂದ. ಉಪ್ಪುನೀರಿನಲ್ಲಿ ಮುಳುಗಿಸಿಟ್ಟರೆ ಗ್ರೀಸಿನ ಫೆಟಾ, ಬಿಸಿನೀರಿನಲ್ಲಿ ಎಳೆದು ನಾದಿದರೆ ಇಟಲಿಯ ಮೊಜರೆಲ್ಲಾ, ನೀರನ್ನು ಪೂರಾ ಹಿಂಡಿ ಕನಿಷ್ಠ 12 ತಿಂಗಳು ಮಾಗಿಸಿದರೆ ಪಾರ್ಮಿಜಾನೊ, ಕುರಿಹಾಲಿನ ಗಟ್ಟಿಯಲ್ಲಿ ಒಂದು ಜಾತಿಯ ನೀಲಿ ಬೂಸ್ಟು ಬೆಳೆಸಿ ತಣ್ಣನೆಯ ಗವಿಯಲ್ಲಿಟ್ಟರೆ ಫ್ರಾನ್ಸಿನ ರೋಕ್‌ಫೋರ್. ಮಿಕ್ಕ ತಿಳಿಯನ್ನು ಮತ್ತೆ ಕಾಯಿಸಿ ತೆಗೆದದ್ದು ರಿಕೋಟಾ.

ಇದರ ಹಳಮೆ ದೊಡ್ಡದು. ಪೋಲೆಂಡಿನ ಕುಯಾವಿಯಾ ಪ್ರದೇಶದಲ್ಲಿ ಸಿಕ್ಕ, ಸುಮಾರು 7,000 ವರ್ಷ ಹಿಂದಿನ ತೂತುಮಡಕೆಗಳ ಚೂರುಗಳಲ್ಲಿ ಹಾಲಿನ ಜಿಡ್ಡು ಇನ್ನೂ ಉಳಿದಿದೆಯೆಂದು 2013ರಲ್ಲಿ ವಿಜ್ಞಾನಿಗಳು ತೋರಿಸಿದರು. ಗಟ್ಟಿಯನ್ನೂ ತಿಳಿಯನ್ನೂ ಬೇರೆ ಮಾಡಲು ಬಳಸಿದ ಸೋಸುಮಡಕೆಗಳು ಅವು. ಚೀನಾದ ಷಿನ್‌ಜಿಯಾಂಗ್ ಮರುಭೂಮಿಯ ಸಮಾಧಿಗಳಲ್ಲಿ ಸುಮಾರು 3,600 ವರ್ಷ ಹಿಂದಿನ ಹೆಣಗಳ ಮೈಮೇಲೆ ಇಟ್ಟಿದ್ದ ಚೀಸಿನ ತುಣುಕುಗಳೇ ಸಿಕ್ಕಿವೆ. ನಮ್ಮ ಕಡೆಯೂ ಹಾಲಿನ ಇತಿಹಾಸ ಚಿಕ್ಕದಲ್ಲ. ಕಚ್ಛದ ಕೋಟಡಾ ಭಾಡ್ಲಿಯ ಹರಪ್ಪ ಕಾಲದ ಮಡಕೆಗಳಲ್ಲಿ ಹಾಲಿನ ಪದಾರ್ಥ ತಯಾರಿಸಿದ ಗುರುತುಗಳಿವೆ. ಸುರಪುರ ತಾಲ್ಲೂಕಿನ ಬೂದಿಹಾಳದ ಬೂದಿದಿಬ್ಬ ನವಶಿಲಾಯುಗದ ದನಗಾಹಿಗಳ ಸಗಣಿ ಉರಿದು ಆದ ದಿಬ್ಬ. ಆದರೆ ದನಕಾದವರೆಲ್ಲ ಚೀಸು ಮಾಡಿದರೆಂದು ಹೇಳಲು ಬೂದಿ ಸಾಕ್ಷಿಯಾಗದು. ಅದಕ್ಕೆ ಬರಹದ ಸಾಕ್ಷಿ ಬೇಕು, ಮತ್ತು ಅದು ಕಲ್ಯಾಣದಲ್ಲಿದೆ.

ಮೊದಲನೆಯದು ಇಮ್ಮಡಿ ಚಾವುಂಡರಾಯನ ಲೋಕೋಪಕಾರ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ, ಈತ ಬೇರೆ. ಈತ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದವನು. ಗ್ರಂಥದ ಕಾಲ ಸುಮಾರು 1025. ರಾಜಧಾನಿ ಕಲ್ಯಾಣದಲ್ಲಿ ನೆಲೆಗೊಂಡದ್ದು ಜಯಸಿಂಹನ ಮಗ ಒಂದನೆಯ ಸೋಮೇಶ್ವರನ ಕಾಲಕ್ಕೆ, ಅಂದರೆ ಸ್ವಲ್ಪ ಮುಂದೆ. ಮಳೆ, ಬಾವಿ, ವೃಕ್ಷವೈದ್ಯ, ಪಶುವೈದ್ಯ, ಅಡುಗೆ ಎಂದು ಮನೆವಾರ್ತೆಗೆ ಬೇಕಾದ ವಿದ್ಯೆಗಳನ್ನು ಕನ್ನಡದಲ್ಲಿ ಒಟ್ಟುಮಾಡಿದ ಗ್ರಂಥ ಇದು. ಅಡುಗೆಯ ಭಾಗದಲ್ಲಿ ಎಮ್ಮೆಯ ಹಾಲನ್ನು ಗಿಡಗಳಿಂದ ಹೆಪ್ಪುಗಟ್ಟಿಸುವ ಎರಡು ಕ್ರಮಗಳಿವೆ. ಒಂದರಲ್ಲಿ ರಾಜಗಿರಿ ಜಾತಿಯ ಸೊಪ್ಪಿನ ಬೇರು, ಇಲ್ಲವೇ ಜೌಗಿನಲ್ಲಿ ಬೆಳೆಯುವ ಕೋಕಿಲಾಕ್ಷದ ಎಲೆ. ಇನ್ನೊಂದರಲ್ಲಿ ವೈದ್ಯರು ಅತಿಬಲ, ಬಲ ಎಂದು ಕರೆಯುವ ಗಿಡಗಳು. ಹೀಗೆ ಬಂದ ಗಟ್ಟಿಯನ್ನು ಸಿಹಿತಿನಿಸಿಗೆ ಬಳಸಬೇಕು, ಉಂಡೆ ಕಟ್ಟಬೇಕು ಎಂದು ಗ್ರಂಥಕಾರ ಹೇಳುತ್ತಾನೆ. ಇವು ಯಾವುವೂ ದೂರದೇಶದಿಂದ ತರಿಸಬೇಕಾದ ವಸ್ತುಗಳಲ್ಲ. ಅತಿಬಲ ಈಗಲೂ ಹೊಲದ ಬದುವಿನಲ್ಲಿ, ಪಾಳುಗೋಡೆಯ ಬುಡದಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತದೆ. ಗಿಡದ ರಸದಿಂದ ಹಾಲು ಹೆಪ್ಪುಗಟ್ಟಿಸುವುದು ಲೋಕದಲ್ಲಿ ವಿರಳವೂ ಅಲ್ಲ. ಒಂದನೆಯ ಶತಮಾನದ ರೋಮಿನ ಕೃಷಿಲೇಖಕ ಕೊಲುಮೆಲ್ಲ ಮುಳ್ಳುಗಿಡದ ಹೂವು, ಅಂಜೂರದ ಹಾಲು, ಕುಸುಬೆ ಬೀಜ ಮೂರನ್ನೂ ಹೆಸರಿಸುತ್ತಾನೆ. ನಮ್ಮ ಹಿಂಗಾರಿ ಹೊಲಗಳ ಕುಸುಬೆಯೇ ಅದು. ಪೋರ್ಚುಗಲ್ಲಿನ ಸೆರಾ ದ ಎಸ್ತ್ರೇಲಾ ಎಂಬ ಹೆಸರಾಂತ ಚೀಸು ಇಂದಿಗೂ ಮುಳ್ಳುಗಿಡದ ಹೂವಿನಿಂದಲೇ ಆಗುತ್ತದೆ. ನೈಜೀರಿಯಾ, ಬೆನಿನ್ ದೇಶಗಳ ಫುಲಾನಿ ದನಗಾಹಿ ಹೆಂಗಸರು ಎಕ್ಕದ ಜಾತಿಯ ಗಿಡದ ಎಲೆಯನ್ನು ಜಜ್ಜಿ ಹಾಲಿಗೆ ಹಾಕಿ ಚೀಸು ಮಾಡಿ ಮಾರುತ್ತಾರೆ.

ಎರಡನೆಯದು ಮಾನಸೋಲ್ಲಾಸ. ಆರನೆಯ ವಿಕ್ರಮಾದಿತ್ಯನ ಮಗ, ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಕಲ್ಯಾಣದಲ್ಲಿ ಕುಳಿತು ರಚಿಸಿದ ಗ್ರಂಥ. ಅಭಿಲಷಿತಾರ್ಥ ಚಿಂತಾಮಣಿ ಎಂಬುದೂ ಇದರ ಹೆಸರೇ. ಇಡ್ಲಿ, ದೋಸೆಗಳ ಹಳೆಯ ರೂಪಗಳಿಗಾಗಿ ಇದರ ಅನ್ನಭೋಗದ ಅಧ್ಯಾಯವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಹಾಲಿನ ಭಾಗವನ್ನು ಮಾತ್ರ ಅಷ್ಟು ಗಮನವಿಟ್ಟು ಓದಿಲ್ಲ. ಅಲ್ಲಿ ಕ್ಷೀರಪ್ರಕಾರ ಎಂಬ ತಿನಿಸಿದೆ. ಅದನ್ನು ಮಾಡುವ ಬಗೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಹಾಲನ್ನು ಕಾಯಿಸಬೇಕು. ಕಾದ ಹಾಲಿಗೆ ಹುಳಿ ಮಜ್ಜಿಗೆ ಬೀಳುತ್ತಲೇ ಬಿಳುಪು ಹರಿದು, ಕೆಳಗೆ ಹಸಿರು ಛಾಯೆಯ ತಿಳಿ ಕಾಣುತ್ತದೆ, ಮೇಲೆ ಗಡ್ಡೆ ತೇಲುತ್ತದೆ. ಅದನ್ನು ಶುಭ್ರವಾದ ಬಟ್ಟೆಯಲ್ಲಿ ಕಟ್ಟಿ ನೀರು ಬಸಿಯಬೇಕು. ಬಸಿದು ಉಳಿದುದಕ್ಕೆ ಅಕ್ಕಿಹಿಟ್ಟು ಸೇರಿಸಿ ಮಿದ್ದಿ, ಬೇಕಾದ ಆಕಾರ ಕೊಟ್ಟು, ತುಪ್ಪದಲ್ಲಿ ಕರಿದು, ಸಕ್ಕರೆಪಾಕಕ್ಕೆ ಹಾಕಬೇಕು. ಅಕ್ಕಿಹಿಟ್ಟು ಸೇರಿಸಿದ್ದು ಸುಮ್ಮನೆಯಲ್ಲ. ಬರೀ ಗಟ್ಟಿ ತುಪ್ಪದಲ್ಲಿ ಚದರಿ ಹೋಗುತ್ತದೆ, ಹಿಟ್ಟು ಅದನ್ನು ಹಿಡಿದಿಡುತ್ತದೆ. ಹಲವು ಸಲ ಮಾಡಿ, ಕೆಡಿಸಿಕೊಂಡು, ತಿದ್ದಿಕೊಂಡ ಕೈಯಿಂದಲೇ ಇಂಥ ವಿವರ ಬರಲು ಸಾಧ್ಯ. ಕಲ್ಕತ್ತೆಯ ಬಾಗ್‌ಬಜಾರಿನಲ್ಲಿ ನಬೀನಚಂದ್ರ ದಾಸರ ರಸಗುಲ್ಲ ಹೆಸರು ಮಾಡಿದ್ದು 1868ರಲ್ಲಿ. ಈ ಅಡುಗೆ ಅದಕ್ಕಿಂತ ಏಳು ನೂರು ವರ್ಷಕ್ಕೂ ಹಿಂದಿನದು. ಹಾಗೆಂದು ರಸಗುಲ್ಲ ಕಲ್ಯಾಣದಿಂದ ಹೋಯಿತೆಂದು ನಾನು ಹೇಳುವುದಿಲ್ಲ. ನಡುವಿನ ಕೊಂಡಿಗಳು ನಮ್ಮ ಕೈಯಲ್ಲಿಲ್ಲ. ಆ ಒಂದು ತಿನಿಸಿಗಾಗಿ ಬಂಗಾಳ ಮತ್ತು ಒಡಿಶಾ 2017, 2019ರಲ್ಲಿ ಬೇರೆಬೇರೆ ಭೌಗೋಳಿಕ ಗುರುತು ಪಡೆದ ಜಗಳಕ್ಕೆ ನಾವು ಮೂರನೆಯ ಪಕ್ಷವಾಗಿ ಸೇರುವ ಅಗತ್ಯವೂ ಇಲ್ಲ. ಹಾಲು ಒಡೆಸುವುದು ಕಲ್ಯಾಣದ ಅರಮನೆಗೆ ನಿಷಿದ್ಧವಾಗಿರಲಿಲ್ಲ ಎಂಬುದಷ್ಟೇ ನನಗೆ ಬೇಕಾದ ಸಂಗತಿ.

ಇದಕ್ಕೆ ಬರುವ ಮೊದಲ ಆಕ್ಷೇಪ ತೂಕದ್ದು, ಏಕೆಂದರೆ ಅದನ್ನು ಎತ್ತಿದವರು ಕೊಳ್ಳೇಗಾಲದಲ್ಲಿ ಹುಟ್ಟಿದ ಕೆ.ಟಿ. ಅಚ್ಚಯ್ಯನವರು. ಭಾರತದ ಆಹಾರದ ಇತಿಹಾಸಕ್ಕೆ ಅವರಷ್ಟು ದುಡಿದವರು ಕಡಿಮೆ. ಕೃಷ್ಣನ ಕಥೆಗಳಲ್ಲಿ ಹಾಲು, ಮೊಸರು, ಬೆಣ್ಣೆ, ತುಪ್ಪ ಮತ್ತೆ ಮತ್ತೆ ಬರುತ್ತವೆ, ಒಡೆದ ಹಾಲಿನ ಗಟ್ಟಿ ಬರುವುದಿಲ್ಲ, ಆದ್ದರಿಂದ ಹಾಲು ಒಡೆಸುವುದಕ್ಕೆ ನಿಷೇಧವಿತ್ತು ಎಂದು ಅವರ ವಾದ. ಮನೆಯಲ್ಲಿ ಹಾಲು ಒಡೆದರೆ ಇಂದಿಗೂ ಹಿರಿಯರ ಮುಖ ಬಾಡುತ್ತದೆ, ನಿಜ. ಆದರೆ ತಾನಾಗಿ ಒಡೆದ ಹಾಲು ಕೆಟ್ಟ ಹಾಲು. ಆ ಬೇಸರ ನಷ್ಟದ್ದು. ಬೇಕೆಂದು ಒಡೆಸಿದ ಹಾಲು ಬೇರೆ ಪದಾರ್ಥ. ಚರಕಸಂಹಿತೆ ಹಾಲಿನ ಪದಾರ್ಥಗಳನ್ನು ಎಣಿಸುವಾಗ ಈದ ಹಸುವಿನ ಮೊದಲ ಹಾಲಾದ ಪೀಯೂಷದ ಜೊತೆಗೆ ಒಡೆದ ಹಾಲಿನ ಗಟ್ಟಿಯಾದ ಕಿಲಾಟವನ್ನೂ ಹೇಳುತ್ತದೆ. ಅವು ಜೀರ್ಣಕ್ಕೆ ಭಾರ, ಜಠರಾಗ್ನಿ ಬಲವಾಗಿರುವವರಿಗೂ ನಿದ್ದೆ ಬಾರದವರಿಗೂ ಹಿತ ಎಂದು ಗುಣವನ್ನೂ ಸೂಚಿಸುತ್ತದೆ. ಅಮರಕೋಶದಲ್ಲಿ ಕೂರ್ಚಿಕೆ ಎಂಬ ಕ್ಷೀರವಿಕಾರದ ಹೆಸರಿದೆ. ವೈದ್ಯರು ಯಾರಿಗೆ ಕೊಡಬೇಕೆಂದು ಸೂಚಿಸಿದ, ನಿಘಂಟುಕಾರರು ಹೆಸರಿಟ್ಟ ವಸ್ತುವನ್ನು ನಿಷಿದ್ಧವೆನ್ನಲಾಗದು. ಕಥೆಯಲ್ಲಿ ಬರಲಿಲ್ಲವೆಂಬುದರಿಂದ ಅಡುಗೆಮನೆಯಲ್ಲಿ ಇರಲಿಲ್ಲವೆಂದು ತೀರ್ಮಾನಿಸುವುದು ದುರ್ಬಲ ತರ್ಕ. ಕೃಷ್ಣ ಕದ್ದದ್ದು ಬೆಣ್ಣೆಯನ್ನು. ಗೋಕುಲ ಮಥುರೆಗೆ ಮಾರುತ್ತಿದ್ದ ಬೆಲೆಯುಳ್ಳ ಸರಕು ಅದು.

ಎರಡನೆಯ ಆಕ್ಷೇಪ ನಮ್ಮ ಜಿಲ್ಲೆಯಲ್ಲೇ ಹುಟ್ಟುವಂಥದು. ಪನೀರು ಪಾರಸಿಯಿಂದ ಬಂದ ಹೆಸರು. ಬಹಮನಿ ಸುಲ್ತಾನ ಅಹಮದ್ ಷಾ ಬೀದರನ್ನು ರಾಜಧಾನಿ ಮಾಡಿಕೊಂಡ ಮೇಲೆ ಕಿರ್ಮಾನಿನಿಂದ ಸೂಫಿ ಮನೆತನಗಳು ಬಂದವು, ಗೀಲಾನಿನಿಂದ ಮಹಮೂದ ಗವಾನ್ ಬಂದ, ನೌಬಾದಿನ ಕರೇಜಿನಂಥ ನೀರಿನ ವಿದ್ಯೆ ಬಂತು. ಪನೀರೂ ಅವರ ಜೊತೆ ಬಂದಿರಬೇಕು ಎನ್ನುವವರಿದ್ದಾರೆ. ಬಂದಿದ್ದರೆ ಆಶ್ಚರ್ಯವಿಲ್ಲ, ಬೀದರಿನ ಸಂಸ್ಕೃತಿ ಹಲವರ ಕೈಯಿಂದ ಆದದ್ದು, ಅದು ನಮಗೆ ಹೆಮ್ಮೆಯೇ. ಆದರೆ ಇರಾನಿನ ಪನೀರು ರೆನೆಟ್ಟಿನಿಂದ ಹೆಪ್ಪುಗಟ್ಟಿಸಿ ಉಪ್ಪುನೀರಿನಲ್ಲಿಡುವ ಚೀಸು, ಫೆಟಾದ ನೆಂಟ. ನಮ್ಮ ಪೇಟೆಯಲ್ಲಿ ಸಿಗುವ ಪನೀರು ಕಾದ ಹಾಲಿಗೆ ಹುಳಿ ಹಾಕಿ, ಬಟ್ಟೆಯಲ್ಲಿ ಬಸಿದು ಒತ್ತಿದ್ದು, ಉಪ್ಪಿಲ್ಲದ್ದು. ಮಾಡುವ ಕ್ರಮವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಇರಾನಿನದಕ್ಕಿಂತ ಸೋಮೇಶ್ವರನ ಗ್ರಂಥಕ್ಕೆ ಹತ್ತಿರವಾಗಿದೆ. ಇರಾನಿನ ಕ್ರಮಕ್ಕೆ ಹತ್ತಿರವಾದುದು ಬೇಕೆಂದರೆ ಪುಟ್ಟ ಬುಟ್ಟಿಗಳಲ್ಲಿ ರೆನೆಟ್ ಹಾಕಿ ಮಾಡುವ ಸೂರತ್ತಿನ ಪನೀರನ್ನು ನೋಡಬೇಕು.

ಇನ್ನು ಕೆಲವರು, ಇವೆಲ್ಲ ಒಡೆದ ಹಾಲಷ್ಟೇ, ಮಾಗಿಸದೆ ಚೀಸು ಎನ್ನುವುದು ಹೇಗೆ ಎನ್ನುತ್ತಾರೆ. ರಿಕೋಟಾ ಮಾಗುವುದಿಲ್ಲ, ಎಳೆಯ ಮೊಜರೆಲ್ಲಾ ಮಾಗುವುದಿಲ್ಲ. ಅವನ್ನು ಯಾರೂ ಪಂಕ್ತಿಯಿಂದ ಎಬ್ಬಿಸಿಲ್ಲ. ಆದರೂ ಮಾಗಿಸುವ ವಿದ್ಯೆ ಇಲ್ಲಿ ಏಕೆ ಬೆಳೆಯಲಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ಕಲ್ಯಾಣದಲ್ಲಿ ಶರಣರ ಚಳವಳಿ ರಕ್ತಪಾತದಲ್ಲಿ ಕೊನೆಗೊಂಡ ಕೆಲವೇ ವರ್ಷಗಳಲ್ಲಿ, 1170ರಲ್ಲಿ, ಇಂಗ್ಲೆಂಡಿನ ಎರಡನೆಯ ಹೆನ್ರಿಯ ಲೆಕ್ಕಪತ್ರಗಳಲ್ಲಿ ಚೆಡ್ಡರ್ ಚೀಸಿನ ಖರೀದಿ ನಮೂದಾಗಿದೆ. ಅದೇ ಕಾಲ, ಅದೇ ಹಾಲು, ದಾರಿ ಬೇರೆ. ಗವಿಯ ಒಳಗಿನ ಶಾಖ ಆ ಊರಿನ ವರ್ಷದ ಸರಾಸರಿ ಶಾಖಕ್ಕೆ ಹತ್ತಿರವಿರುತ್ತದೆ. ರೋಕ್‌ಫೋರಿನ ಗವಿಗಳಲ್ಲಿ ಅದು ಸುಮಾರು 10 ಡಿಗ್ರಿ ಸೆಲ್ಸಿಯಸ್. ನಮ್ಮ ಭಾಗದಲ್ಲಿ ಸುಮಾರು 26. ಬಸವಕಲ್ಯಾಣದಲ್ಲಿ ಅಕ್ಕನಾಗಮ್ಮನ ಗವಿಯೂ ಸೇರಿದಂತೆ ಗವಿಗಳಿಗೆ ಬರವಿಲ್ಲ. ವೈಶಾಖದ ಬಿಸಿಲಿನಲ್ಲಿ ಅವು ತಂಪೆನಿಸುವುದೂ ನಿಜ. ಆದರೆ 26 ಡಿಗ್ರಿಯಲ್ಲಿ ಚೀಸು ಮಾಗುವುದಿಲ್ಲ, ಜಿಡ್ಡು ಬೆವೆತು ಕೊಳೆಯುತ್ತದೆ. ಜೊತೆಗೆ ರೆನೆಟ್ ಬೇಕೆಂದರೆ ಹಾಲು ಕುಡಿಯುವ ಎಳೆಗರುವನ್ನು ಕೊಲ್ಲಬೇಕು. ಗಂಡುಕರು ಎತ್ತಾಗಿ ಬೆಳೆದು ಎರೆಭೂಮಿ ಉಳಬೇಕಾದ ನಾಡಿನಲ್ಲಿ, ಧರ್ಮದ ಮಾತು ಹಾಗಿರಲಿ, ಒಕ್ಕಲುತನದ ಲೆಕ್ಕಕ್ಕೂ ಅದು ಕೂಡದು. ಈ ಸೀಮೆಯ ದೇವಣಿ ತಳಿ ಹಾಲಿಗೂ ಉಳುಮೆಗೂ ಎರಡಕ್ಕೂ ಹೆಸರಾದದ್ದು.

ಹಾಲನ್ನು ಕೂಡಿಡುವ ಅಗತ್ಯ ಇಲ್ಲಿಯೂ ಇತ್ತು. ಅದಕ್ಕೆ ಈ ನಾಡು ಕಂಡುಕೊಂಡ ಉತ್ತರ ತುಪ್ಪ. ನೀರನ್ನೂ ಪ್ರೋಟೀನನ್ನೂ ಪೂರಾ ಕಳೆದುಕೊಂಡ ಜಿಡ್ಡು 40 ಡಿಗ್ರಿ ಬಿಸಿಲಿನಲ್ಲೂ ತಿಂಗಳುಗಟ್ಟಲೆ ಕೆಡುವುದಿಲ್ಲ. ಇಲ್ಲಿ ನನ್ನ ವಾದದ ಮುಖ್ಯ ಅಂಶವಿದೆ. ಚೀಸು ಮಾಡುವ ಮನೆಯಲ್ಲಿ ಜಿಡ್ಡೂ ಕೇಸೀನೂ ಒಟ್ಟಿಗೆ ಗಟ್ಟಿಯಾಗಿ ಸಂತೆಗೆ ಹೋಗುತ್ತವೆ, ಮನೆಯಲ್ಲಿ ಉಳಿಯುವುದು ತೆಳ್ಳನೆಯ ತಿಳಿ. ಇಟಲಿಯ ಪಾರ್ಮಾದಲ್ಲಿ ಆ ತಿಳಿಯನ್ನು ಹಂದಿಗಳಿಗೆ ಕುಡಿಸುತ್ತಾರೆ. ತುಪ್ಪ ಮಾಡುವ ಮನೆಯಲ್ಲಿ ಸಂತೆಗೆ ಹೋಗುವುದು ಜಿಡ್ಡು ಮಾತ್ರ. ಕಡೆದು ಬೆಣ್ಣೆ ತೆಗೆದ ಮೇಲೆ ಹಾಲಿನ ಪ್ರೋಟೀನೆಲ್ಲ ಮಜ್ಜಿಗೆಯಲ್ಲಿ ಉಳಿದು ಅದೇ ದಿನ ಅದೇ ಊರಿನ ಹೊಟ್ಟೆ ಸೇರುತ್ತದೆ. ಜೋಳದ ರೊಟ್ಟಿ, ನುಚ್ಚು, ಅಂಬಲಿ ಉಣ್ಣುವವನಿಗೆ ಅವುಗಳಲ್ಲಿ ಕಡಿಮೆಯಾದ ಲೈಸೀನ್ ಎಂಬ ಅಂಶವನ್ನು ತುಂಬಿಕೊಡುವುದು ಈ ಮಜ್ಜಿಗೆಯೇ. ಮಜ್ಜಿಗೆ ಮಾರುವುದು ಮನೆತನಕ್ಕೆ ಶೋಭೆಯಲ್ಲವೆಂದು ನಮ್ಮ ಹಳ್ಳಿಗಳ ಅನೇಕ ಮನೆಗಳವರು ನಂಬಿದ್ದರು; ಕಡೆದ ದಿನ ಕೇಳಿದವರಿಗೆ ತಂಬಿಗೆ ತುಂಬ ಹಾಕಿ ಕಳಿಸುತ್ತಿದ್ದರು. ಚೀಸಿಲ್ಲವೆಂಬುದನ್ನು ಕೊರತೆಯಾಗಿ ಎಣಿಸುವವರು ಈ ಹಂಚಿಕೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಈ ಹಂಚಿಕೆಯನ್ನು ಸಮಾನತೆಯೆಂದು ಹೊಗಳಲು ಮಾತ್ರ ನಾನು ಸಿದ್ಧನಿಲ್ಲ. ಮಜ್ಜಿಗೆ ಹೊಯ್ದ ಕೈ ಎಷ್ಟೋ ಸಲ ಮೇಲಿನಿಂದ, ಮುಟ್ಟದಂತೆ ಹೊಯ್ದಿದೆ. ತುಪ್ಪ ಉಂಡವನೇ ಬೇರೆ, ದನ ಕಾಯ್ದವನೇ ಬೇರೆ. ಕಲ್ಯಾಣದ ಶರಣರಲ್ಲಿ ತುರುಗಾಹಿ ರಾಮಣ್ಣನಂಥವರು ದನ ಕಾಯುತ್ತಲೇ ವಚನ ರಚಿಸಿದರು, ಅನುಭಾವಿಗಳ ಸಾಲಿನಲ್ಲಿ ಕುಳಿತರು ಎಂಬುದು ಈ ಅಂತರದ ಎದುರಿಗೆ ಎದ್ದ ಮಾತು. ಹಾಗಿದ್ದರೆ ಅರಮನೆಯ ಗ್ರಂಥವೊಂದರ ಸಾಕ್ಷಿಯಿಂದ ಊರಿನ ಬಗ್ಗೆ ಮಾತಾಡಬಹುದೇ? ಮಾನಸೋಲ್ಲಾಸವೊಂದೇ ಇದ್ದಿದ್ದರೆ ನಾನೂ ಹಿಂಜರಿಯುತ್ತಿದ್ದೆ. ಲೋಕೋಪಕಾರ ಹೆಸರಿಸುವುದು ಬದುವಿನ ಗಿಡಗಳನ್ನು, ಎಮ್ಮೆಯ ಹಾಲನ್ನು; ಅದಕ್ಕೆ ಅರಸನ ಬೊಕ್ಕಸ ಬೇಡ. ಇನ್ನು ಗಿಣ್ಣದ ಹಾಲು ಎಲ್ಲ ಮನೆಯದು. ಎಮ್ಮೆ ಈದ ಎರಡು ಮೂರು ದಿನದ ಹಾಲಿಗೆ ಬೆಲ್ಲ, ಯಾಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ಹುಳಿಯೂ ಬೇಡ, ಕಿಣ್ವವೂ ಬೇಡ, ತಾನೇ ಗಟ್ಟಿಯಾಗುತ್ತದೆ. ಕರುವಿಗೆ ರೋಗದಿಂದ ಕಾವಲಾಗುವ ಪ್ರೋಟೀನು ಆ ಹಾಲಿನಲ್ಲಿ ಅಷ್ಟು ದಟ್ಟವಾಗಿರುತ್ತದೆ. ಹಾಲನ್ನು ಗಟ್ಟಿಯಾಗಿಸಿ ತಿನ್ನುವ ರುಚಿ ಈ ಸೀಮೆಗೆ ಹೊರಗಿನಿಂದ ಬರಬೇಕಾಗಿರಲಿಲ್ಲ.

ಈಗ ಹಳೆಯ ಏರ್ಪಾಡು ಕಳಚಿದೆ. ಹಾಲು ಮನೆಯಲ್ಲಿ ಕಡೆಗೋಲಿಗೆ ಬರುವ ಮೊದಲೇ ಡೇರಿಯ ಕ್ಯಾನು ಸೇರುತ್ತದೆ. ಮುಂಬೈ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಹುಮನಾಬಾದಿನಂಥ ಊರುಗಳಲ್ಲಿ ಪನೀರು ಢಾಬಾದ ದಿನನಿತ್ಯದ ಅಡುಗೆ. ಬೇಡಿಕೆ ಏರಿದಂತೆ ಹಾಲಿನ ಜಿಡ್ಡಿನ ಬದಲು ಅಗ್ಗದ ಎಣ್ಣೆ ಬೆರೆಸಿದ ನಕಲು ಗಟ್ಟಿಯೂ ಪೇಟೆಗೆ ಬಂದಿದೆ. ಕಾಯಿಸಿದ ಬಾಣಲೆಯಲ್ಲಿ ಉಳಿಯುವ ತಿಳಿ ಬಹಳ ಕಡೆ ಚರಂಡಿಗೆ ಹೋಗುತ್ತದೆ. ಹತ್ತು ಲೀಟರು ಹಾಲಿನಿಂದ ಎರಡು ಕಿಲೋ ಪನೀರು ಬಂದರೆ, ಏಳೆಂಟು ಲೀಟರು ತಿಳಿಯಲ್ಲಿ ಒಳ್ಳೆಯ ಪ್ರೋಟೀನೂ ಹಾಲುಸಕ್ಕರೆಯೂ ಇರುತ್ತವೆ. ಚರಂಡಿ ಸೇರಿದರೆ ಅದೇ ನೀರಿನ ಪ್ರಾಣವಾಯುವನ್ನು ಹೀರುತ್ತದೆ. ಊರಿನ ಹೊಟ್ಟೆಗೆ ಮಜ್ಜಿಗೆಯೂ ಇಲ್ಲ, ತಿಳಿಯೂ ಇಲ್ಲ ಎಂಬ ಸ್ಥಿತಿಯನ್ನು ನಾನು ಅಭಿವೃದ್ಧಿಯೆಂದು ಒಪ್ಪಲಾರೆ. ಪನೀರು ಮಾಡುವ ಕಡೆಯಲ್ಲೇ ತಿಳಿಯನ್ನು ರೊಟ್ಟಿಹಿಟ್ಟು ಕಲಸಲು, ಸಾರಿಗೆ, ದನದ ಮುಸುರೆಗೆ ಬಳಸುವ ಏರ್ಪಾಡಾಗಬೇಕು.

ತಣಿಸುವ ಯಂತ್ರ ಬಂದ ಮೇಲೆ 26 ಡಿಗ್ರಿಯ ಅಡ್ಡಿ ಈಗಿಲ್ಲ. ಸೂಕ್ಷ್ಮಜೀವಿಗಳಿಂದ ತೆಗೆದ ರೆನೆಟ್ ಬಂದ ಮೇಲೆ ಕರುವಿನ ಅಡ್ಡಿಯೂ ಇಲ್ಲ. ಬೆಂಗಳೂರಿನಲ್ಲಿ ವಲ್ಲೊಂಬ್ರೋಸಾ ಬೆನೆಡಿಕ್ಟೈನ್ ಸನ್ಯಾಸಿಗಳು ಇಟಲಿಯ ಕ್ರಮದ ಮೊಜರೆಲ್ಲಾ ಮಾಡಿ ಹೆಸರು ಗಳಿಸಿದ್ದಾರೆ. ಆದರೆ ಲೋಕೋಪಕಾರ ಹೇಳಿದ ಗಿಡಗಳು ಇನ್ನೂ ಪರೀಕ್ಷೆಗೆ ಕಾದಿವೆ, ಮತ್ತು ಅದಕ್ಕೆ ಬೇಕಾದ ಸಂಸ್ಥೆ ನಮ್ಮ ಜಿಲ್ಲೆಯಲ್ಲೇ ಇದೆ. ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಈ ವೇದಿಕೆಯಿಂದ ನನ್ನ ಕೋರಿಕೆ ಇಷ್ಟು. ಎಮ್ಮೆಯ ಹಾಲನ್ನೂ ದೇವಣಿ ಹಸುವಿನ ಹಾಲನ್ನೂ ಬೇರೆಬೇರೆಯಾಗಿ ಇಟ್ಟು, ರಾಜಗಿರಿಯ ಬೇರು, ಕೋಕಿಲಾಕ್ಷದ ಎಲೆ, ಅತಿಬಲ, ಬಲ, ಜೊತೆಗೆ ಕೊಲುಮೆಲ್ಲ ಹೇಳಿದ ಕುಸುಬೆ ಬೀಜ ಇವುಗಳ ರಸದಿಂದ 35 ಡಿಗ್ರಿಯಲ್ಲಿ ಯಾವುದು ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ, ಗಟ್ಟಿ ಎಷ್ಟು ಸಿಗುತ್ತದೆ, ತಿನ್ನಲು ನಿರಪಾಯವೇ ಎಂದು ನೋಡಬೇಕು. ಗಿಡದ ಕಿಣ್ವಗಳು ಪ್ರೋಟೀನನ್ನು ಅತಿಯಾಗಿ ಕತ್ತರಿಸಿ ಕಹಿ ಹುಟ್ಟಿಸುವುದುಂಟು, ಪೋರ್ಚುಗಲ್ಲಿನ ಚೀಸಿನಲ್ಲೂ ಆ ಸಣ್ಣ ಕಹಿಯಿದೆ. ಅದಕ್ಕಾಗಿ ಒಂದು ವಾರ, ಒಂದು ತಿಂಗಳು, ಮೂರು ತಿಂಗಳು ತಣ್ಣಗಿಟ್ಟು ರುಚಿ ನೋಡಬೇಕು. ಲೋಕೋಪಕಾರದ ಆ ಪದ್ಯಗಳನ್ನು ಓದಿ ಗಿಡದ ಹೆಸರುಗಳನ್ನು ಖಚಿತಪಡಿಸಲು ಕನ್ನಡದ ವಿದ್ವಾಂಸರೊಬ್ಬರು, ಗಿಡ ಗುರುತಿಸಲು ಸಸ್ಯಶಾಸ್ತ್ರಜ್ಞರೊಬ್ಬರು ಆ ಪ್ರಯೋಗಶಾಲೆಯಲ್ಲಿ ಜೊತೆಗಿರಬೇಕು. ಫಲಿತಾಂಶ ಏನೇ ಬರಲಿ, ಕಹಿಯೇ ಬರಲಿ, ಅದನ್ನು ಕನ್ನಡದಲ್ಲಿ ಅಚ್ಚುಮಾಡಿ ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳ ಹಾಲು ಉತ್ಪಾದಕರ ಸಂಘಗಳಿಗೆ ಕಳಿಸಬೇಕು.